ಕಥೆಯನ್ನು ಹೀಗೇ ಯಾಕೆ ಹೇಳಿದರು?

ಪ್ರಿಯ ಪೋಷಕರೇ,

ನಮಸ್ಕಾರ. ಏಳನೇ ತರಗತಿ ಮಕ್ಕಳ ಕನ್ನಡ ನೋಟ್‌ಬುಕ್ ನೋಡಿ ನಿಮ್ಮಲ್ಲಿ ಕೆಲವರಿಗೆ ಗಾಬರಿಯಾಗಿದೆ. 'ಸಾರಾಂಶ ಎಲ್ಲಿ, ನೀತಿ ಎಲ್ಲಿ?' ಎಂದು ಕೇಳಿದ್ದೀರಿ. ಅವೂ ಇವೆ, ಆದರೆ ಈ ಸಲ ಅಷ್ಟಕ್ಕೇ ನಿಲ್ಲಿಸುತ್ತಿಲ್ಲ. ಕಥೆಯಲ್ಲಿ ಏನಾಯಿತು ಎಂದು ತಿಳಿದ ಮೇಲೆ, ಬರೆದವರು ಅದನ್ನು ಹೀಗೇ ಯಾಕೆ ಹೇಳಿದರು ಎಂದೂ ಮಕ್ಕಳು ಯೋಚಿಸುತ್ತಿದ್ದಾರೆ.

ಒಂದು ಕಳ್ಳತನದ ಕಥೆ ಇದೆ ಅಂದುಕೊಳ್ಳಿ. ಹಣ ಕಳೆದುಕೊಂಡವರು ಹೇಳಿದರೆ ನಮಗೆ ಕಳ್ಳನ ಮೇಲೆ ಸಿಟ್ಟು ಬರುತ್ತದೆ. ಕದ್ದ ಹುಡುಗನೇ, 'ಅವತ್ತು ತಂಗಿಗೆ ಜ್ವರ ಇತ್ತು' ಎಂದು ಶುರು ಮಾಡಿದರೆ? ನಡೆದದ್ದು ಅದೇ, ಆದರೆ ನಾವು ಆಗಲೇ ಅವನ ಕಡೆಯವರು. ಜ್ವರದ ವಿಷಯವನ್ನು ಕೊನೆಯ ಸಾಲಿನವರೆಗೆ ಮುಚ್ಚಿಟ್ಟರಂತೂ ಕಥೆ ಇನ್ನೊಂದೇ ಆಗುತ್ತದೆ. ಅಲ್ಲಿಯವರೆಗೆ ಹುಡುಗನನ್ನು ಬೈದುಕೊಂಡು ಓದಿದ ನಮಗೇ ಮುಜುಗರ! ಇಂಥದ್ದನ್ನು ಮಕ್ಕಳು ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ. ಯಾರು ಯಾವ ಮಾತನ್ನು ಮುಚ್ಚಿಟ್ಟರು ಅನ್ನುವುದರಲ್ಲಿ ಅವರಿಗೆ ಅನುಭವ ಜಾಸ್ತಿ.

ಕಥೆಯ ಕೊನೆಯೂ ಬರೆದವರ ಆಯ್ಕೆಯೇ. ಇಂಗ್ಲಿಷ್ ಲೇಖಕ ಚಾರ್ಲ್ಸ್ ಡಿಕನ್ಸ್ 1861ರಲ್ಲಿ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಕಾದಂಬರಿ ಮುಗಿಸುವಾಗ, ಕಥಾನಾಯಕ ಪಿಪ್ ಮತ್ತು ಅವನು ಪ್ರೀತಿಸಿದ ಎಸ್ಟೆಲಾ ಸ್ವಲ್ಪ ಹೊತ್ತು ಭೇಟಿಯಾಗಿ ದೂರವಾಗುವಂತೆ ಬರೆದಿದ್ದರು. ಲೇಖಕ ಗೆಳೆಯರೊಬ್ಬರ ಮಾತು ಕೇಳಿ, ಇಬ್ಬರೂ ಇನ್ನು ಅಗಲಲಿಕ್ಕಿಲ್ಲ ಎಂಬ ಆಸೆ ಮೂಡುವಂತೆ ಅದನ್ನು ಬದಲಿಸಿದರು. ಮೊದಲಿನ ಕೊನೆ ಓದುಗರಿಗೆ ಸಿಕ್ಕಿದ್ದು ಡಿಕನ್ಸ್ ತೀರಿಕೊಂಡ ಮೇಲೆ, 1874ರಲ್ಲಿ. ಯಾವುದು ಒಳ್ಳೆಯದು ಎಂಬ ಜಗಳ ಇನ್ನೂ ಮುಗಿದಿಲ್ಲ. ನನಗಂತೂ ಮೊದಲಿನದೇ ಇಷ್ಟ, ಮಕ್ಕಳು ಒಪ್ಪಬೇಕಿಲ್ಲ.

ಹಾಗಾದರೆ ಏನು ಬರೆದರೂ ಸರಿಯಾ? ಇಲ್ಲ. ಯಾವ ಸಾಲು ಓದಿ ಹಾಗನ್ನಿಸಿತು ಎಂದು ತೋರಿಸಬೇಕು. ಸಾಲು ತೋರಿಸದ ಉತ್ತರಕ್ಕೆ ಪೂರ್ತಿ ಅಂಕ ಸಿಗುವುದಿಲ್ಲ. ಗೈಡ್ ನೋಡಿ ಬರೆದ ಉತ್ತರ ನಮಗೆ ತಕ್ಷಣ ಗೊತ್ತಾಗುತ್ತದೆ, ಅದು ಬೇಡ.

ಮುಂದಿನ ವಾರ ಮಕ್ಕಳು ತಾವು ಓದಿದ ಒಂದು ಕಥೆಯನ್ನು ಅದರ ಇನ್ನೊಂದು ಪಾತ್ರದ ಬಾಯಲ್ಲಿ ಹೇಳಿಸಿ ಬರೆದು ತರಬೇಕು. ಒಂದು ಪುಟ ಸಾಕು. ದಯವಿಟ್ಟು ನೀವು ಬರೆದುಕೊಡಬೇಡಿ, ಓದಿಸಿ ಕೇಳಿ. ಕೇಳಿದ ಮೇಲೆ, 'ಈ ಪಾತ್ರಕ್ಕೆ ಗೊತ್ತೇ ಇಲ್ಲದ ವಿಷಯ ಯಾವುದು?' ಎಂದು ಒಂದು ಪ್ರಶ್ನೆ ಹಾಕಿ. ಹೆಚ್ಚಿನವರು ಎಡವುವುದು ಅಲ್ಲೇ: ಬಾಗಿಲ ಹೊರಗಿದ್ದ ಪಾತ್ರ ಒಳಗಿನ ಮಾತನ್ನೆಲ್ಲ ಹೇಳಿಬಿಡುತ್ತದೆ. ಕಾಗುಣಿತದ ತಪ್ಪುಗಳನ್ನು ನಮಗೆ ಬಿಡಿ, ತರಗತಿಯಲ್ಲಿ ತಿದ್ದುತ್ತೇವೆ.

ಇಂತಿ,
ಮುಖ್ಯ ಶಿಕ್ಷಕಿ