ಸಂಕ್ರಾಂತಿಗೂ ಉತ್ತರಾಯಣಕ್ಕೂ ನಡುವೆ 24 ದಿನ

ಮಾನ್ಯ ಸಂಪಾದಕರೇ,

ಪ್ರತಿ ಜನವರಿಯಲ್ಲಿ ಕನ್ನಡ ಪತ್ರಿಕೆಗಳ ಸಂಕ್ರಾಂತಿ ಬರಹಗಳಲ್ಲಿ ‘ಇಂದಿನಿಂದ ಸೂರ್ಯ ಉತ್ತರಾಭಿಮುಖನಾಗುತ್ತಾನೆ, ಉತ್ತರಾಯಣ ಪುಣ್ಯಕಾಲ ಆರಂಭ’ ಎಂಬ ಮಾತು ತಪ್ಪದೆ ಕಾಣಿಸುತ್ತದೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಸಂಕ್ರಾಂತಿಯ ಹೊತ್ತಿಗೆ ಅವನು ತಿರುಗಿ ಮೂರು ವಾರ ಕಳೆದಿರುತ್ತದೆ. ಹಬ್ಬದ ಲೆಕ್ಕದಲ್ಲಿ ತಪ್ಪಿಲ್ಲ. ನಕ್ಷತ್ರಗಳನ್ನು ಆಧರಿಸಿದ ನಿರಯಣ ಪದ್ಧತಿಯಂತೆ ಸೂರ್ಯ ಮಕರ ರಾಶಿಗೆ ಬರುವುದು ಜನವರಿ 14 ಅಥವಾ 15ಕ್ಕೇ. ಎರಡು ಬೇರೆ ಬೇರೆ ಘಟನೆಗಳನ್ನು ಒಂದೇ ಎಂದು ಅಚ್ಚು ಹಾಕುವುದು ಮಾತ್ರ ತಪ್ಪು.

ಒಂದು ಕಾಲಕ್ಕೆ ಅವೆರಡೂ ಒಂದೇ ದಿನ ಬರುತ್ತಿದ್ದವು, ಸುಮಾರು 1,500ರಿಂದ 1,700 ವರ್ಷಗಳ ಹಿಂದೆ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಅಯನಬಿಂದುಗಳು (ಸೂರ್ಯ ಉತ್ತರಕ್ಕೋ ದಕ್ಷಿಣಕ್ಕೋ ತಿರುಗುವ ಜಾಗಗಳು) ನಕ್ಷತ್ರಗಳ ನಡುವೆ ವರ್ಷಕ್ಕೆ ಸುಮಾರು 50 ವಿಕಲೆ (ಡಿಗ್ರಿಯ 3,600ನೇ ಒಂದು ಭಾಗ ಒಂದು ವಿಕಲೆ), ಅಂದರೆ 72 ವರ್ಷಕ್ಕೆ ಒಂದು ಡಿಗ್ರಿ, ಹಿಂದೆ ಸರಿಯುತ್ತವೆ. ಹೀಗಾಗಿ ಋತುಗಳ ವರ್ಷಕ್ಕಿಂತ ನಾಕ್ಷತ್ರಿಕ ವರ್ಷ 20 ನಿಮಿಷ ಉದ್ದ. ಈ ಇಪ್ಪತ್ತು ನಿಮಿಷಗಳು ಶತಮಾನಗಳಿಂದ ಕೂಡಿ ಕೂಡಿ ಈಗ 24 ಡಿಗ್ರಿಗೆ, ದಿನಗಳಲ್ಲಿ ಹೇಳುವುದಾದರೆ ಸುಮಾರು 24 ದಿನಕ್ಕೆ, ಬಂದು ನಿಂತಿವೆ. ವಿವೇಕಾನಂದರು ಹುಟ್ಟಿದ್ದು 1863ರ ಮಕರ ಸಂಕ್ರಾಂತಿಯಂದು. ಅಂದಿನ ತಾರೀಖು ಜನವರಿ 12; ಅದೇ ಸಂಕ್ರಾಂತಿ ಈಗ 14 ಅಥವಾ 15ಕ್ಕೆ ಸರಿದಿದೆ.

ಇದನ್ನು ಯಾರ ಮಾತಿನ ಮೇಲೂ ನಂಬಬೇಕಾಗಿಲ್ಲ. ಯಾವುದೇ ಶಾಲೆಯ ಅಂಗಳದಲ್ಲಿ ಪರೀಕ್ಷಿಸಬಹುದು. ಸಮತಟ್ಟಾದ ನೆಲದಲ್ಲಿ ಒಂದು ಮೀಟರ್ ಎತ್ತರದ ಕೋಲನ್ನು ತೂಕದ ದಾರ ಇಳಿಬಿಟ್ಟು ನೆಟ್ಟಗೆ ನಿಲ್ಲಿಸಿ. ಅದರ ಬುಡವನ್ನೇ ಕೇಂದ್ರ ಮಾಡಿಕೊಂಡು ಒಂದು ಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಗೆ ಬರುವ ಜಾಗವನ್ನೂ ಮಧ್ಯಾಹ್ನದ ನಂತರ ಹೊರಹೋಗುವ ಜಾಗವನ್ನೂ ಗುರುತು ಮಾಡಿ ಸೇರಿಸಿದರೆ ಪೂರ್ವ-ಪಶ್ಚಿಮ ರೇಖೆ ಸಿಗುತ್ತದೆ. ಕೋಲಿನ ಬುಡದಿಂದ ಅದಕ್ಕೆ ಲಂಬವಾಗಿ ಎಳೆದದ್ದು ಉತ್ತರ ರೇಖೆ. ನೆರಳು ಆ ರೇಖೆಯ ಮೇಲೆ ಬಂದಾಗ ಅಳೆಯಬೇಕು. ಗಡಿಯಾರದ 12 ಗಂಟೆಯನ್ನು ನಂಬಿ ಅಳೆದರೆ ತಪ್ಪುತ್ತದೆ: ಬೆಂಗಳೂರಿನಲ್ಲಿ ನಿಜವಾದ ನಡುಹಗಲು ಡಿಸೆಂಬರ್ 21ಕ್ಕೆ 12.18ರ ಸುಮಾರಿಗೆ, ಜನವರಿ 14ಕ್ಕೆ 12.29ರ ಸುಮಾರಿಗೆ ಬರುತ್ತದೆ.

ಬೆಂಗಳೂರಿನಲ್ಲಿ ಡಿಸೆಂಬರ್ 21ರ ನೆರಳು ಸುಮಾರು 74 ಸೆಂ.ಮೀ. ಸಂಕ್ರಾಂತಿಯ ದಿನ ಅದೇ ನೆರಳು ಸುಮಾರು 68 ಸೆಂ.ಮೀ. ಆರು ಸೆಂಟಿಮೀಟರ್ ಕುಗ್ಗಿದ್ದನ್ನು ಐದನೇ ತರಗತಿಯ ಮಗುವೂ ಅಳೆಯಬಲ್ಲದು. ಕೆಡುವುದು ಎರಡು ಕಡೆ. ಕೋಲು ಉತ್ತರಕ್ಕೋ ದಕ್ಷಿಣಕ್ಕೋ ಒಂದು ಡಿಗ್ರಿ ವಾಲಿದರೂ ಅಳತೆ ಒಂದೂಮುಕ್ಕಾಲು ಸೆಂ.ಮೀ.ನಷ್ಟು ತಪ್ಪುತ್ತದೆ. ಸೂರ್ಯನ ಬಿಂಬವೇ ಅರ್ಧ ಡಿಗ್ರಿ ಅಗಲವಿರುವುದರಿಂದ ನೆರಳಿನ ತುದಿ ಒಂದೂವರೆ ಸೆಂ.ಮೀ.ನಷ್ಟು ಮಸುಕಾಗುತ್ತದೆ. ಕೋಲಿನ ತಲೆಗೆ ನಾಲ್ಕು ಮಿ.ಮೀ. ರಂಧ್ರವಿರುವ ರಟ್ಟು ಕಟ್ಟಿ, ನೆಲದ ಮೇಲೆ ಬೀಳುವ ಬೆಳಕಿನ ಚುಕ್ಕೆಯ ನಡುಭಾಗಕ್ಕೆ ಅಳೆದರೆ ಈ ತೊಂದರೆ ಹೋಗುತ್ತದೆ. ಆಗ ಎತ್ತರವನ್ನು ರಂಧ್ರದವರೆಗೆ ಒಂದು ಮೀಟರ್ ಎಂದು ಹಿಡಿಯಬೇಕು. ಅಯನದ ದಿನವನ್ನೇ ಗುರುತಿಸಬೇಕೆಂದರೆ ಡಿಸೆಂಬರ್ ಕೊನೆಯ ಅಳತೆಗಳು ಸಾಲವು. ಅಯನದ ಹಿಂದುಮುಂದಿನ ಹತ್ತು ದಿನ ನೆರಳು ಕದಲುವುದೇ ಒಂದೆರಡು ಮಿ.ಮೀ. ಡಿಸೆಂಬರ್ 1ರ ಗುರುತನ್ನು ಉಳಿಸಿಕೊಂಡು, ನೆರಳು ಮತ್ತೆ ಅಲ್ಲಿಗೆ ಬರುವ ದಿನಕ್ಕೆ (ಜನವರಿ 11ರ ಆಸುಪಾಸು) ಕಾದು, ಎರಡರ ನಡುವಿನ ದಿನವನ್ನು ತೆಗೆದುಕೊಳ್ಳಬೇಕು.

ಈ ವೃತ್ತದ ವಿಧಾನ ಪಾಶ್ಚಾತ್ಯರಿಂದ ಬಂದದ್ದಲ್ಲ. ಆರನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯ ಆದಿತ್ಯಚಾರದಲ್ಲಿ (ಸೂರ್ಯನ ಚಲನೆಯ ಅಧ್ಯಾಯ) ಇದೇ ಪ್ರಶ್ನೆ ಎತ್ತುತ್ತಾನೆ. ಧನಿಷ್ಠೆಯ ಆದಿಯಲ್ಲಿ ಉತ್ತರಾಯಣ ಎಂದು ಹಳೆಯ ಶಾಸ್ತ್ರಗಳಲ್ಲಿದೆ, ಈಗ ಅದು ಮಕರದ ಆದಿಯಲ್ಲಿ ಆಗುತ್ತಿದೆ, ವ್ಯತ್ಯಾಸ ಕಂಡರೆ ಪ್ರತ್ಯಕ್ಷವಾಗಿ ಪರೀಕ್ಷಿಸಿ ತಿಳಿಯಬೇಕು ಎನ್ನುತ್ತಾನೆ. ದೂರದ ಗುರುತಿನ ಮೇಲೆ ಸೂರ್ಯನ ಉದಯಾಸ್ತ ನೋಡುವುದು, ದೊಡ್ಡ ವೃತ್ತದಲ್ಲಿ ನೆರಳು ಹೊಕ್ಕು ಹೊರಡುವ ಗುರುತು ಹಾಕುವುದು, ಎರಡನ್ನೂ ಅವನೇ ಹೇಳಿಕೊಟ್ಟಿದ್ದಾನೆ. ಶಾಸ್ತ್ರದ ಮಾತಿಗೂ ಆಕಾಶಕ್ಕೂ ಹೊಂದದಿದ್ದಾಗ ಅವನು ಆಕಾಶದ ಕಡೆ ನಿಂತ. ಇಂದು ಅವನ ಹೆಸರಿನಲ್ಲೇ ‘ಮಕರಕ್ಕೇ ಉತ್ತರಾಯಣ’ ಎಂದು ಹಟ ಹಿಡಿಯುವುದು ಅವನ ತೀರ್ಮಾನವನ್ನು ಇಟ್ಟುಕೊಂಡು ಅವನ ವಿಧಾನವನ್ನು ಎಸೆದಂತೆ.

ತಿಥಿಯ ಗೊಂದಲ ಇದಕ್ಕಿಂತ ಆಳವಾದದ್ದು. ಏಕಾದಶಿ ಒಂದು ಪಂಚಾಂಗದಲ್ಲಿ ಇಂದು, ಇನ್ನೊಂದರಲ್ಲಿ ನಾಳೆ ಎಂಬ ಜಗಳ ನಮ್ಮಲ್ಲಿ ಹೊಸದಲ್ಲ. ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿಯುವ ಅವಧಿಯೇ ಒಂದು ತಿಥಿ. ಹಳೆಯ ಖಗೋಳ ಗ್ರಂಥವಾದ ಸೂರ್ಯಸಿದ್ಧಾಂತದ ಗಣಿತದಲ್ಲಿ ಚಂದ್ರನಿಗೆ ಇರುವುದು ಒಂದೇ ದೊಡ್ಡ ತಿದ್ದುಪಡಿ, ಮಂದಫಲ (ಚಂದ್ರನ ವೇಗ ಒಂದೇ ಸಮನಾಗಿಲ್ಲದ್ದಕ್ಕೆ ಮಾಡುವ ತಿದ್ದುಪಡಿ). ಸೂರ್ಯನ ಸೆಳೆತದಿಂದ ಆಗುವ ಇನ್ನೊಂದು ಏರುಪೇರು, 1 ಡಿಗ್ರಿ 16 ಕಲೆಯವರೆಗೆ (60 ಕಲೆಗೆ ಒಂದು ಡಿಗ್ರಿ) ಹೋಗುವಂಥದ್ದು, ಅದರಲ್ಲಿ ಪ್ರತ್ಯೇಕವಾಗಿ ಇಲ್ಲ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಆ ಏರುಪೇರು ಮಂದಫಲದೊಳಗೇ ಬೆರೆತುಹೋಗುವುದರಿಂದ ಗ್ರಹಣದ ಲೆಕ್ಕ ಚೆನ್ನಾಗಿಯೇ ಬರುತ್ತದೆ. ಅಷ್ಟಮಿಯ ಸುತ್ತಮುತ್ತ ಮಾತ್ರ ಎರಡೂ ಬೇರೆಯಾಗಿ, ತಿಥಿ ಮುಗಿಯುವ ಹೊತ್ತು ಐದು ಗಂಟೆಯಷ್ಟು ತಪ್ಪಬಹುದು. ‘ಗ್ರಹಣ ಸರಿಯಾಗಿ ಹೇಳುತ್ತದಲ್ಲ, ಮತ್ತೇನು ಬೇಕು’ ಎಂಬ ವಾದ ಸೋಲುವುದು ಇಲ್ಲೇ. ಗ್ರಹಣಗಳನ್ನು ನೋಡಿಯೇ ಹೊಂದಿಸಿದ ಗಣಿತ ಗ್ರಹಣದಲ್ಲಿ ಗೆಲ್ಲುವುದು ಸಹಜ, ಅದನ್ನು ಪರೀಕ್ಷಿಸಬೇಕಾದ್ದು ಅಷ್ಟಮಿಯಂದು. ಹಳೆಯ ಗಣಿತದ ‘ಬಾಣವೃದ್ಧಿ ರಸಕ್ಷಯ’, ಅಂದರೆ ತಿಥಿ 65 ಘಳಿಗೆಗೆ (ಒಂದು ಘಳಿಗೆ 24 ನಿಮಿಷ) ಮೀರದು, 54ಕ್ಕೆ ಇಳಿಯದು ಎಂಬ ಸೂತ್ರವೂ ಆಕಾಶದಲ್ಲಿ ನಿಲ್ಲುವುದಿಲ್ಲ. ನಿಜವಾದ ತಿಥಿ ಸುಮಾರು 50ರಿಂದ 67 ಘಳಿಗೆಯವರೆಗೆ ಓಲಾಡುತ್ತದೆ.

ಇದನ್ನು ಸರಿಪಡಿಸಲು ಹೊರಟವರು ಪರಂಪರೆಯ ಒಳಗಿನವರೇ. ಕೇರಳದ ಪರಮೇಶ್ವರ ದಶಕಗಳ ಕಾಲ ಗ್ರಹಣಗಳನ್ನು ನೋಡಿ 1431ರಲ್ಲಿ ‘ದೃಗ್ಗಣಿತ’ (ಕಣ್ಣಿಗೆ ಕಾಣುವ ಆಕಾಶಕ್ಕೆ ಹೊಂದುವ ಗಣಿತ) ಎಂಬ ಗ್ರಂಥ ರಚಿಸಿದ. ಅದೇ ಪರಂಪರೆಯ ನೀಲಕಂಠ ಸೋಮಯಾಜಿ, ಸಿದ್ಧಾಂತ ಆಕಾಶಕ್ಕೆ ಹೊಂದದಾದಾಗ ಹೊಸ ವೀಕ್ಷಣೆಯಿಂದ ತಿದ್ದಬೇಕೆಂದು ಜ್ಯೋತಿರ್ಮೀಮಾಂಸೆಯಲ್ಲಿ ವಾದಿಸಿದ. ಒಡಿಶಾದ ಸಾಮಂತ ಚಂದ್ರಶೇಖರ (1835–1904) ಬಿದಿರು, ಮರದ ಉಪಕರಣಗಳಿಂದಲೇ ಚಂದ್ರನ ಈ ಏರುಪೇರುಗಳನ್ನು ಹಿಡಿದು ತನ್ನ ಗ್ರಂಥ ಸಿದ್ಧಾಂತದರ್ಪಣಕ್ಕೆ ಸೇರಿಸಿದ. ‘ಪಂಚಾಂಗವೆಲ್ಲ ಮೂಢನಂಬಿಕೆ’ ಎನ್ನುವವರಿಗೂ ‘ಪೂರ್ವಿಕರಿಗೆ ಎಲ್ಲ ಗೊತ್ತಿತ್ತು, ತಿದ್ದಲು ನೀವ್ಯಾರು’ ಎನ್ನುವವರಿಗೂ ಈ ಮೂವರನ್ನು ಓದುವ ತಾಳ್ಮೆ ಇದ್ದಂತಿಲ್ಲ.

ಪಂಚಾಂಗದಲ್ಲಿ ಎರಡು ಬಗೆಯ ಮಾತುಗಳಿವೆ. ಯಾವ ತಿಥಿಯಲ್ಲಿ ಉಪವಾಸ, ಸೂರ್ಯೋದಯಕ್ಕಿರುವ ತಿಥಿಯನ್ನು ಹಿಡಿಯಬೇಕೇ ಬೇಡವೇ ಎಂಬುದು ಆಚರಣೆಯ ನಿಯಮ. ಅದು ಸಮಾಜ ಮಾಡಿಕೊಂಡ ಒಪ್ಪಂದ, ದೂರದರ್ಶಕದಿಂದ ಅದನ್ನು ತಪ್ಪು ಎನ್ನಲಾಗದು. ತಿಥಿ ಎಷ್ಟು ಗಂಟೆಗೆ ಮುಗಿಯುತ್ತದೆ, ಸೂರ್ಯ ಯಾವಾಗ ತಿರುಗುತ್ತಾನೆ ಎಂಬುದು ಆಕಾಶದ ಬಗೆಗಿನ ಹೇಳಿಕೆ. ಅದು ಸರಿಯೋ ತಪ್ಪೋ ಆಗಲೇಬೇಕು, ಮಠದ ಅಪ್ಪಣೆಯಾಗಲಿ ಸರ್ಕಾರದ ಆದೇಶವಾಗಲಿ ಅದನ್ನು ಬದಲಿಸಲಾರದು. ಮೊದಲನೆಯದರ ಗೌರವವನ್ನು ಎರಡನೆಯದಕ್ಕೂ ಹೊದಿಸಿದ್ದರಿಂದಲೇ ಲೆಕ್ಕದ ದೋಷ ಹೇಳಿದವರು ಧರ್ಮದ್ರೋಹಿಗಳಂತೆ ಕಾಣುತ್ತಾರೆ.

1952ರಲ್ಲಿ ನೇಮಕವಾದ, ವಿಜ್ಞಾನಿ ಮೇಘನಾದ ಸಹಾ ಅವರ ಸಮಿತಿ ದೇಶದ ನಾನಾ ಪಂಚಾಂಗಗಳನ್ನು ಪರಿಶೀಲಿಸಿ 1955ರಲ್ಲಿ ವರದಿ ಕೊಟ್ಟಿತು. ಋತುಗಳಿಗೆ ಹೊಂದುವ ರಾಷ್ಟ್ರೀಯ ಪಂಚಾಂಗ 1957ರ ಮಾರ್ಚ್ 22ರಿಂದ ಜಾರಿಗೆ ಬಂತು. ಅದು ಜನರ ಹಬ್ಬಗಳೊಳಗೆ ಇಳಿಯಲಿಲ್ಲ, ಬಲವಂತದಿಂದ ಇಳಿಸಬೇಕೆಂದೂ ನನ್ನ ವಾದವಲ್ಲ.

ಪತ್ರಿಕೆಯಿಂದ ಕೇಳುತ್ತಿರುವುದು ಅದಕ್ಕಿಂತ ಸುಲಭವಾದದ್ದು. ದಿನದ ಪಂಚಾಂಗದ ಕೆಳಗೆ ಒಂದು ಸಾಲಿನಲ್ಲಿ, ಗಣಿತ ವೀಕ್ಷಣೆಗೆ ಹೊಂದುವ ದೃಕ್ ಪದ್ಧತಿಯದೋ ಸೂರ್ಯಸಿದ್ಧಾಂತದ್ದೋ, ಸೂರ್ಯೋದಯ ಯಾವ ಊರಿನದು ಎಂದು ಹಾಕಿ. ಬೆಂಗಳೂರಿಗೂ ಬೆಳಗಾವಿಗೂ ರೇಖಾಂಶದಿಂದಲೇ 12 ನಿಮಿಷದ ವ್ಯತ್ಯಾಸವಿದೆ. ಅಮೆರಿಕದಲ್ಲಿ ನಿಮ್ಮ ಇ-ಪತ್ರಿಕೆ ನೋಡಿ ವ್ರತ ಹಿಡಿಯುವ ಕನ್ನಡಿಗರಿಗೆ ಅಲ್ಲಿನ ಸೂರ್ಯೋದಯಕ್ಕಿರುವ ತಿಥಿಯೇ ಬೇರೆ ಆಗಬಹುದು. ಜನವರಿಯ ಪುಟದಲ್ಲಿ ‘ಮಕರ ಸಂಕ್ರಮಣ’ ಎಂದಷ್ಟೇ ಬರಲಿ. ‘ಉತ್ತರಾಯಣ ಆರಂಭ’ ಎಂಬ ಸಾಲು ಡಿಸೆಂಬರ್ 21 ಅಥವಾ 22ರ ಪುಟದಲ್ಲಿ, ಶಾಲೆಗಳು ನೆರಳು ಅಳೆಯುವ ವಿಧಾನದೊಂದಿಗೆ, ನವೆಂಬರ್ ಕೊನೆಯಲ್ಲೇ ಒಂದು ಮುನ್ಸೂಚನೆ ಕೊಟ್ಟು ಪ್ರಕಟವಾಗಲಿ.

ಇಂತಿ,
ಖಗೋಳ ಗಣಿತದ ಅಭ್ಯಾಸಿ, ಬೆಂಗಳೂರು