ಫ್ರೆಂಚರಿಗೆ ದಂಗೆ ರಕ್ತದಲ್ಲೇ ಇದ್ಯಾ?

ಕನ್ನಡ ಕೂಟದ ಎಲ್ರಿಗೂ ನಮಸ್ಕಾರ. ಇಲ್ಲಿ ಫ್ರಾನ್ಸಲ್ಲಿ ಏನಾದ್ರೂ ಗಲಾಟೆ ಆದ್ರೆ ಸಾಕು ಊರಿಂದ ಅಮ್ಮನ ಫೋನು, "ಮತ್ತೆ ಬೆಂಕಿ ಹಚ್ಚಿದ್ರಂತಲ್ಲೋ, ಆಚೆ ಹೋಗ್ಬೇಡ" ಅಂತ. ಟೀವೀಲಿ ಒಂದೇ ಕಸದ ಡಬ್ಬ ಉರಿಯೋದನ್ನ ಹತ್ತು ಸಲ ತೋರಿಸಿರ್ತಾರೆ, ಪಕ್ಕದ ಬೀದೀಲಿ ಜನ ಆರಾಮಾಗಿ ಕಾಫಿ ಕುಡೀತಿರೋದು ಅವ್ರಿಗೆ ಕಾಣಲ್ಲ. ಹಾಗಂತ ಏನೂ ಆಗಲ್ಲ ಅಂತಲ್ಲ, 2023ರ ಯುಗಾದಿ ನೆನಪಿದ್ಯಲ್ಲ, ಪ್ಯಾರಿಸ್ಸಲ್ಲಿ ಕಸ ಎತ್ತೋರು ಸ್ಟ್ರೈಕಲ್ಲಿದ್ರು, ಬೇವು ಬೆಲ್ಲ ಹಿಡ್ಕೊಂಡು ಕಸದ ಗುಡ್ಡೆ ಸುತ್ತು ಹಾಕ್ಕೊಂಡು ಹೋದ್ವಿ.

ರಕ್ತದ ಮಾತು ನಾನು ಒಪ್ಪಲ್ಲ. ಇದು ಲೆಕ್ಕಾಚಾರ. ಇಲ್ಲಿ ಯೂನಿಯನ್‌ ಮೆಂಬರ್ಸ್ ನೂರಕ್ಕೆ ಸುಮಾರು ಹತ್ತು ಜನ ಅಷ್ಟೇ, ಚಂದಾ ಕಟ್ಟೋರ ಪಟ್ಟಿ ತೋರಿಸಿ ಸರ್ಕಾರನ ಹೆದರಿಸೋಕಾಗಲ್ಲ, ಬೀದಿಗೆ ಎಷ್ಟು ಜನ ಬಂದ್ರು ಅನ್ನೋದೇ ತೂಕ. ಅದಕ್ಕೇ ತಲೆ ಎಣಿಸೋದ್ರಲ್ಲೂ ಜಗಳ. 2023ರ ಮಾರ್ಚ್ 7ಕ್ಕೆ, ಪೆನ್ಷನ್ ವಯಸ್ಸು ಏರಿಸೋದರ ವಿರುದ್ಧ ಬೀದಿಗಿಳಿದೋರು ಗೃಹ ಇಲಾಖೆ 12.8 ಲಕ್ಷ ಅಂತು, ಸಿಜಿಟಿ ಯೂನಿಯನ್ 35 ಲಕ್ಷ ಅಂತು! ಬೇರೆ ಕಡೆ ಮಾತುಕತೆ ಮುರಿದ್ಮೇಲೆ ಸ್ಟ್ರೈಕು, ಇಲ್ಲಿ ಎಷ್ಟೋ ಸಲ ಸ್ಟ್ರೈಕು ಆದ್ಮೇಲೇ ಮಾತುಕತೆ.

ಮತ್ತೆ ಬೀದಿಗಿಳಿದೋರಿಗೆ ಸಿಕ್ಕಿದ್ದೂ ಉಂಟು. 1936ರಲ್ಲಿ ಕಾರ್ಮಿಕರು ಫ್ಯಾಕ್ಟರಿ ಒಳಗೇ ಕೂತು ಸ್ಟ್ರೈಕ್ ಮಾಡಿದ್ಮೇಲೆ ಎರಡು ವಾರ ಸಂಬಳದ ರಜೆ ಕಾನೂನಾಯ್ತು, ಆಗಸ್ಟಲ್ಲಿ ನಾವೂ ಬೆಂಗ್ಳೂರಿಗೆ ಟಿಕೆಟ್ ಬುಕ್ ಮಾಡ್ತೀವಲ್ಲ, ಅದರ ಬೇರು ಅಲ್ಲಿದೆ. 1995ರಲ್ಲಿ ಮೂರು ವಾರ ರೈಲು ಮೆಟ್ರೋ ನಿಂತು ಸರ್ಕಾರ ಪೆನ್ಷನ್ ಬದಲಾವಣೆ ಕೈಬಿಡ್ತು. 2006ರಲ್ಲಂತೂ ಯುವಕರನ್ನ ಸುಲಭವಾಗಿ ಕೆಲಸದಿಂದ ತೆಗೆಯೋಕೆ ಬಿಡೋ ಕಾಯ್ದೆ ಪಾಸಾಗಿ ಸಹಿ ಬಿದ್ದ ಮೇಲೂ ವಾಪಸ್. ಹಳದಿ ಜಾಕೆಟ್ ಹಾಕ್ಕೊಂಡು ಪ್ರತಿಭಟನೆ ಮಾಡಿದೋರಿಗೆ ಯೂನಿಯನ್ನೂ ಇರ್ಲಿಲ್ಲ ನಾಯಕನೂ ಇರ್ಲಿಲ್ಲ, ಊರಾಚೆ ರೌಂಡ್‌ಎಬೌಟಲ್ಲಿ ಕೂತ್ಕೊಂಡೇ 2018ರಲ್ಲಿ ಇಂಧನ ತೆರಿಗೆ ಏರಿಕೆ ನಿಲ್ಲಿಸಿಬಿಟ್ರು. ಇಷ್ಟು ನೋಡಿದ ಮಕ್ಕಳು ಬೀದಿಗಿಳೀದೆ ಇನ್ನೇನ್ ಮಾಡ್ತಾರೆ ಹೇಳಿ.

ಆದ್ರೆ ಯಾವಾಗ್ಲೂ ಗೆಲ್ಲಲ್ಲ. ಅದೇ 2023ರಲ್ಲಿ ಸಂವಿಧಾನದ 49.3 ಕಲಂ ಹಾಕಿ ಪಾರ್ಲಿಮೆಂಟಲ್ಲಿ ಓಟಿಲ್ದೇನೇ ಪೆನ್ಷನ್ ವಯಸ್ಸನ್ನ 62ರಿಂದ 64ಕ್ಕೆ ಏರಿಸೋ ಕಾನೂನು ತಂದ್ರು. 1968 ಇನ್ನೂ ಮಜಾ, ಮೇ ತಿಂಗಳು ಇಡೀ ದೇಶ ಸ್ತಬ್ಧ, ಜೂನ್ ಎಲೆಕ್ಷನ್ನಲ್ಲಿ ಅಧ್ಯಕ್ಷ ಡಿ ಗಾಲ್ ಕಡೆಯೋರಿಗೇ ಭಾರಿ ಬಹುಮತ! ಪ್ಯಾರಿಸ್ಸಿನ ಕೂಗು ಕೇಳಿ ಫ್ರಾನ್ಸ್ ಪೂರ್ತಿ ಅಂದ್ಕೊಂಡೋರು ಬೆಪ್ಪಾದ್ರು.

ಅಂದಹಾಗೆ 1830ರಲ್ಲಿ ಪ್ಯಾರಿಸ್ ಜನ ಮೂರೇ ದಿನದಲ್ಲಿ ರಾಜನ್ನ ಓಡಿಸಿದ್ರು. ಅದೇ ವರ್ಷ ನಮ್ಮ ನಗರ ಸೀಮೆ (ಈಗಿನ ಶಿವಮೊಗ್ಗ ಕಡೆ) ರೈತರು ಕಂದಾಯದ ಕಾಟ ತಡೀಲಾರ್ದೆ ಎದ್ದಿದ್ರು, ಅವರು ಗುಂಪು ಸೇರೋದಕ್ಕೆ ಹೆಸರೇ ಕೂಟ. ಅವರ ಸಿಟ್ಟು ಮುಗಿಯೋಷ್ಟರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ಕೈ ಸೇರಿತ್ತು. ನಾವೂ ನಮ್ಮನ್ನ ಕನ್ನಡ ಕೂಟ ಅಂತೀವಿ, ನಮ್ಮಲ್ಲಿ ದಂಗೆ ಏಳೋದು ಬಿಸಿಬೇಳೆಬಾತ್ ಖಾಲಿಯಾದಾಗ ಮಾತ್ರ.

ಮುಂದಿನ ಕಾರ್ಯಕ್ರಮಕ್ಕೆ ಬರೋರು ಹಿಂದಿನ ಸಂಜೆನೇ ಮೆಟ್ರೋ ಆ್ಯಪ್ ನೋಡ್ಕೊಳ್ಳಿ. ಸ್ಟ್ರೈಕ್ ಇದ್ರೆ ಕಾರಿರೋರು ದಯವಿಟ್ಟು ಗ್ರೂಪಲ್ಲಿ ಹೇಳಿ, ಪಾತ್ರೆಗಳು ಜಾಸ್ತಿ ಇವೆ.