ಬಲೆಗೆ ತಿಮಿಂಗಿಲ ಶಾರ್ಕ್ ಬಿದ್ದರೆ ದಯವಿಟ್ಟು ಬಿಟ್ಟುಬಿಡಿ

ನಮ್ಮ ಗುಂಪಿನಲ್ಲಿ ಎಲ್ಲರೂ ತಿಮಿಂಗಿಲ ಅಂತ ಹಂಚಿಕೊಳ್ಳುತ್ತಿರುವ ವಿಡಿಯೋದಲ್ಲಿ ಇರುವುದು ತಿಮಿಂಗಿಲ ಅಲ್ಲ, ತಿಮಿಂಗಿಲ ಶಾರ್ಕ್. ಕಿವಿರಿನಿಂದ ಉಸಿರಾಡುವ ಮೀನು, ಜಗತ್ತಿನಲ್ಲೇ ಅತಿ ದೊಡ್ಡದು. ಸುಮ್ನೆ ಹೆದರಬೇಡಿ, ಬಾಯಿ ಅಗಲಿಸಿ ನೀರು ಎಳೆದುಕೊಂಡು ಅದರಲ್ಲಿರುವ ಸಣ್ಣ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ ಅಷ್ಟೇ. ಬೆನ್ನ ಮೇಲಿನ ಬಿಳಿ ಚುಕ್ಕೆಗಳು ಒಂದೊಂದು ಮೀನಿಗೂ ಬೇರೆ ಬೇರೆ, ಫೋಟೋ ನೋಡಿಯೇ ಸಂಶೋಧಕರು ಗುರುತು ಹಿಡಿಯುತ್ತಾರೆ. ಮರಿ ಹಾಕುವ ವಯಸ್ಸಿಗೆ ಬರಲು ದಶಕಗಳೇ ಬೇಕು, ಹಾಗಾಗಿ ಒಂದು ಸತ್ತರೂ ನಷ್ಟ ಜಾಸ್ತಿ. 2001ರಿಂದ ಇದನ್ನು ಹಿಡಿಯುವುದು ಕಾನೂನಿನ ಪ್ರಕಾರ ಅಪರಾಧ. ಗುಜರಾತಿನ ವೆರಾವಲ್ ಕಡೆ ಹಿಂದೆ ಲಿವರ್ ಎಣ್ಣೆಗೆ, ಮಾಂಸಕ್ಕೆ ಇದನ್ನು ಕೊಲ್ಲುತ್ತಿದ್ದ ಮೀನುಗಾರರೇ ಈಗ ತಮ್ಮ ಬಲೆ ಕತ್ತರಿಸಿ ಬಿಡುತ್ತಾರೆ, ಬಲೆಗೆ ಅಲ್ಲಿನ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಅವರಿಗೆ ನಿಜಕ್ಕೂ ಕೈ ಮುಗಿಯಬೇಕು. ನಮ್ಮ ಕರಾವಳಿಯಲ್ಲೂ ಬಲೆಗೆ ಬೀಳುತ್ತದೆ ಅಲ್ವಾ, ಬಾಲಕ್ಕೆ ಹಗ್ಗ ಕಟ್ಟಿ ದಡಕ್ಕೆ ಎಳೆಯಬೇಡಿ, ನೀರಿನಲ್ಲೇ ಬಲೆ ಕತ್ತರಿಸಿ ಬಿಟ್ಟು ಅರಣ್ಯ ಇಲಾಖೆಗೆ ತಿಳಿಸಿ.